ಹಸಿರು ಕೊಡಲಿಯ ಮೇಲೆ ಎರಡು ಕೆಂಪು

ಕೋವಿಡ್ ಕಳೆದ ಮೇಲಿನ ಎರಡನೆಯ ದಸರಾ. ಐಂಡ್‌ಹೋವನ್ ಎಂಬ ಡಚ್ ನಗರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನಾಗ ಸರ್ಫೇಸ್ ಮೆಟ್ರಾಲಜಿ ವಿಭಾಗದ ಮುಖ್ಯಸ್ಥೆ. ಹುದ್ದೆಯ ಹೆಸರು ದೊಡ್ಡದು. ವಿಭಾಗದಲ್ಲಿ ಇದ್ದವರು ಇಬ್ಬರೇ: ಉಡುಪಿ ಕಡೆಯ ನಾನು, ಗದಗಿನ ಮಲ್ಲಿಕಾರ್ಜುನ. ಕಣ್ಣಿಗೆ ನುಣುಪಾಗಿ ಕಾಣುವ ವಸ್ತುವಿನ ಮೈ ನಿಜಕ್ಕೂ ಎಷ್ಟು ಒರಟಾಗಿದೆ ಎಂದು ಅಳೆಯುವ ವಿದ್ಯೆಗೆ ಸರ್ಫೇಸ್ ಮೆಟ್ರಾಲಜಿ ಎನ್ನುತ್ತಾರೆ. ಕನ್ನಡಿ, ಲೆನ್ಸು, ಚಿಪ್ ತಯಾರಿಸುವ ಯಂತ್ರಗಳ ಲೋಹದ ಭಾಗ, ಇವುಗಳ ಮೇಲಿನ ಗೀರು, ಕುಳಿ, ಏರಿಳಿತಗಳನ್ನು ಹುಡುಕಿ ವರದಿ ಬರೆಯುವುದು ನಮ್ಮ ಕೆಲಸ. ಎಲ್ಲದರಲ್ಲೂ ಹುಳುಕು ಹುಡುಕುವುದಕ್ಕೆ ಇಲ್ಲಿ ಸಂಬಳ ಕೊಡುತ್ತಾರೆಂದು ತಿಳಿದಾಗ ನನ್ನ ಗಂಡ, “ಇಷ್ಟು ವರ್ಷ ಮನೆಯಲ್ಲಿ ಪುಕ್ಕಟೆ ಮಾಡ್ತಾ ಇದ್ದಿಯಲ್ಲ ಮಾರಾಯ್ತಿ” ಎಂದಿದ್ದರು.

ಅವರದು ಸುಳ್ಳಲ್ಲ. ನಾನು ಚಿಂತೆ ಮಾಡಲೆಂದೇ ಹುಟ್ಟಿದವಳು. ಮನೆ ಬಿಟ್ಟು ಅರ್ಧ ದಾರಿ ಹೋದ ಮೇಲೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಸೈಕಲ್ ತಿರುಗಿಸುತ್ತೇನೆ. ವೆಲ್ಡ್‌ಹೋವನ್‌ನ ನಮ್ಮ ಮನೆಯಲ್ಲಿರುವುದು ಇಂಡಕ್ಷನ್ ಒಲೆ. ಗ್ಯಾಸೇ ಇಲ್ಲ. ಆದರೂ ತಿರುಗಿಸುತ್ತೇನೆ. ಕಾಲಿನಲ್ಲಿ ಸಣ್ಣ ಸೆಳೆತ ಬಂದರೆ ನನ್ನ ತಿಥಿಯ ಅಡುಗೆಗೆ ಯಾರು ಬರಬಹುದು ಎನ್ನುವವರೆಗೆ ಯೋಚಿಸಿ ಮುಗಿಸಿರುತ್ತೇನೆ. ಇಂಥವಳ ಕೈಗೆ, ಮೂರು ಸಾವಿರ ವರ್ಷ ಹಳೆಯದೆಂದು ಹೇಳಲಾದ ಒಂದು ಕಲ್ಲು ಬಂತು.

ತಂದವರು ಮೆನೇಯರ್ ರುಟ್ಗರ್ಸ್. ಮೆನೇಯರ್ ಎಂದರೆ ಇಲ್ಲಿ ಶ್ರೀಯುತರು. ಪ್ರಾಚೀನ ವಸ್ತುಗಳ ವ್ಯಾಪಾರಿ, ಅರುವತ್ತು ದಾಟಿದವರು, ಕತ್ತಿಗೆ ರೇಷ್ಮೆಯ ಸ್ಕಾರ್ಫು. ಸಮುದ್ರದ ಕಡೆಯ ಒಂದು ಸಣ್ಣ ಮ್ಯೂಸಿಯಂ ಆ ಕಲ್ಲನ್ನು ಅವರಿಂದ ಕೊಳ್ಳಲು ಒಪ್ಪಿತ್ತು. ಒಂದೇ ಷರತ್ತು: ಅದರ ಮೇಲಿನ ಕೆತ್ತನೆ ಹಳೆಯ ಕೈಕೆಲಸವೇ ಎಂದು ಒಂದು ತಟಸ್ಥ ಪ್ರಯೋಗಾಲಯ ಹೇಳಬೇಕು. ಕಲೆಗೂ ನಮಗೂ ಸಂಬಂಧವಿಲ್ಲದ್ದರಿಂದ ನಮ್ಮಷ್ಟು ತಟಸ್ಥರು ಸಿಗುವುದು ಕಷ್ಟವಿತ್ತು.

ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಕೊಡಲಿ. ಅಂಗೈಗಿಂತ ಸ್ವಲ್ಪ ಉದ್ದ, ಎಳೆ ಹಲಸಿನೆಲೆಯ ಆಕಾರ, ಪಾಚಿಹಸಿರು ಬಣ್ಣ. ಇದು ಓಲ್ಮೆಕ್ ಜನರದ್ದು ಎಂದರು ರುಟ್ಗರ್ಸ್. ಮೆಕ್ಸಿಕೋದ ಪೂರ್ವ ಕರಾವಳಿಯ ಜೌಗು ಸೀಮೆಯಲ್ಲಿ ಬಾಳಿದ ಜನ ಅವರು. ಓಲ್ಮೆಕ್ ಎನ್ನುವುದು ಬೇರೆಯವರು ಬಹಳ ಕಾಲದ ಮೇಲೆ ಇಟ್ಟ ಹೆಸರು. ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಆಳೆತ್ತರಕ್ಕೂ ಮೀರಿದ ಕಲ್ಲಿನ ತಲೆಗಳನ್ನು ಕಡೆದವರೂ ಅವರೇ, ಅಂಗೈಯಗಲದ ಇಂಥ ಕೊಡಲಿಗಳನ್ನು ಉಜ್ಜಿದವರೂ ಅವರೇ. ಇವು ಮರ ಕಡಿಯುವ ಕೊಡಲಿಗಳಲ್ಲ. ಆಚರಣೆಗೆಂದೇ ಮಾಡಿ, ಅಲಗಿಗೆ ಒಂದು ದಿನವೂ ಕೆಲಸ ಕೊಡದೆ, ನೆಟ್ಟಗೆ ನಿಲ್ಲಿಸಿ ಮಣ್ಣಿನಲ್ಲಿ ಹೂಳುತ್ತಿದ್ದರು. ಕಲ್ಲು ಜೇಡೈಟ್, ಉಕ್ಕಿನ ಚಾಕು ಎಳೆದರೂ ಗೀರು ಬೀಳದು. ಅವರ ಹತ್ತಿರ ಲೋಹವೇ ಇರಲಿಲ್ಲ. ಮರಳು, ನೀರು, ನಾರಿನ ಹಗ್ಗ, ಟೊಳ್ಳು ಕಡ್ಡಿ, ಆಮೇಲೆ ತಾಳ್ಮೆ. ಉಜ್ಜಿ ಉಜ್ಜಿಯೇ ಕೆತ್ತುತ್ತಿದ್ದರು.

ಈ ಕೊಡಲಿಯ ಒಂದು ಮೈಯಲ್ಲಿ ಮುಖವಿತ್ತು. ಅಳಲು ಹೊರಟ ಮಗುವಿನಂತೆ ಕೆಳಗೆ ಬಾಗಿದ ಬಾಯಿ, ಓರೆ ಕಣ್ಣು, ನೆತ್ತಿಯ ನಡುವೆ ಒಂದು ಸೀಳು. ಅರ್ಧ ಕೂಸು, ಅರ್ಧ ಜಾಗ್ವಾರ್ ಎಂಬ ಅಲ್ಲಿನ ಹುಲಿ. ಕೆತ್ತನೆಯ ಗೆರೆಗಳೊಳಗೆ ಕೆಂಪು ಪುಡಿ ಕೂತಿತ್ತು.

“ಇಂಗಲೀಕ,” ಎಂದರು ರುಟ್ಗರ್ಸ್. ಅವರು ಹೇಳಿದ್ದು ಸಿನ್ನಬಾರ್ ಎಂದು. ಪಾದರಸದ ಕೆಂಪು ಅದಿರು. ನಮ್ಮ ಊರಿನ ಹಳೆಯ ಅಂಗಡಿಗಳಲ್ಲಿ ಇಂಗಲೀಕ. “ಓಲ್ಮೆಕರು ಪವಿತ್ರ ವಸ್ತುಗಳಿಗೆ ಇದನ್ನು ಬಳಿಯುತ್ತಿದ್ದರು. ಉದುರದ ಹಾಗೆ ನಾನೇ ಇಡೀ ಕಲ್ಲಿಗೆ ಮೇಣ ಹಚ್ಚಿದ್ದೇನೆ. ನನ್ನ ಕೈಗೆ ಬಂದ ವರ್ಷವೇ, ನನ್ನ ಕೈಯಾರೆ. ಮಗುವಿನ ಹಾಗೆ ನೋಡಿಕೊಂಡಿದ್ದೇನೆ, ಮೆವ್ರೌ ಹೆಖ್‌ಡೆ.” ಮೆವ್ರೌ ಎಂದರೆ ಶ್ರೀಮತಿ. ಹೆಗ್ಡೆಯ ಗಕಾರವನ್ನು ಡಚ್ಚರು ಗಂಟಲಿನಿಂದ ಕ್ಯಾಕರಿಸಿ ತೆಗೆಯುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನೂ ನನ್ನ ಹೆಸರನ್ನು ಫೋನಿನಲ್ಲಿ ಹಾಗೇ ಹೇಳಲು ಕಲಿತಿದ್ದೇನೆ.

ಅದರ ಹಿಂದಿನ ವಾರ ಆಯುಧಪೂಜೆ. ಮಲ್ಲಿಕಾರ್ಜುನನ ಊರಿನಲ್ಲಿ ಅದಕ್ಕೆ ಖಂಡೇನವಮಿ. ನಮ್ಮ ಡೈರೆಕ್ಟರ್, ಮಾರ್ಲೇಸ್ ಎಂಬ ಡಚ್ ಮಹಿಳೆಯ ಒಪ್ಪಿಗೆ ಕೇಳಿ, ನಮ್ಮ ವಿಭಾಗದ ಯಂತ್ರಗಳಿಗೆಲ್ಲ ಅವನು ಸೇವಂತಿಗೆ ಇಟ್ಟು ಕುಂಕುಮ ಹಚ್ಚಿದ್ದ. ಮಾರ್ಲೇಸ್ ‘ಹೆಜ಼ೆಲಿಖ್’ ಎಂದಿದ್ದರು. ನಾಲ್ಕು ಜನ ಹತ್ತಿರ ಕೂತು ಖುಷಿಪಡುವುದಕ್ಕೆಲ್ಲ ಡಚ್ಚರಲ್ಲಿ ಅದೊಂದೇ ಮಾತು. ಎರಡು ಬೇಸನ್ ಉಂಡೆಯನ್ನೂ ತಿಂದಿದ್ದರು. ಹೂವು ಬಾಡಿದ ಮೇಲೆ ತೆಗೆದೆವು. ಕುಂಕುಮ ತೆಗೆಯಲಿಲ್ಲ. ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ; ಅದು ತಾನಾಗಿ ಹೋಗಬೇಕು. ಹಾಗೆಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅವನಿಗೂ ಯಾರೂ ಹೇಳಿಕೊಟ್ಟದ್ದಲ್ಲ. ಆದರೆ ಇಬ್ಬರಿಗೂ ಗೊತ್ತಿತ್ತು.

ರುಟ್ಗರ್ಸ್ ಮೈಕ್ರೋಸ್ಕೋಪಿನ ಗ್ರಾನೈಟ್ ಪೀಠದ ಮೇಲಿನ ಬೊಟ್ಟನ್ನು ನೋಡಿ ಕಣ್ಣರಳಿಸಿದರು. “ಇದೇನು?”

“ವರ್ಷಕ್ಕೊಮ್ಮೆ ಉಪಕರಣಗಳಿಗೆ ಪೂಜೆ ಮಾಡ್ತೇವೆ,” ಎಂದೆ.

“ಎಷ್ಟು ಚೆನ್ನಾಗಿದೆ! ಒಂದು ಫೋಟೋ ತೆಗೆಯಬಹುದೇ?”

ಮಲ್ಲಿಕಾರ್ಜುನ ಯಂತ್ರದ ಪಕ್ಕ ನಿಂತು ಹೆಬ್ಬೆರಳು ಎತ್ತಿ ನಕ್ಕ.

ಕಲ್ಲನ್ನು ಹಿಡಿಯುವ ಚಿಮ್ಮಟದಂಥ, ರಬ್ಬರು ತುದಿಯ ಹಿಡಿಕೆಗೂ ಅವನು ಬೊಟ್ಟು ಇಟ್ಟಿದ್ದ. “ಎಲ್ಲಾರಿಗೂ ಹಚ್ಚಿ ಇದೊಂದಕ್ಕ ಯಾಕ ಮೋಸ ಅಂತ ಹಚ್ಚಿದೆ ರೀ ಅಕ್ಕಾರ,” ಎಂದ. ಅದನ್ನು ಒರೆಸದೆ ಕಲ್ಲು ಕೂರಿಸಬೇಡ ಎಂದೆ. ನನ್ನೆದುರಿಗೇ ಸ್ಪಿರಿಟ್ ಹಚ್ಚಿ ಒರೆಸಿದ. ನಾನೂ ನೋಡಿದೆ. ಬೊಟ್ಟು ಹೋಗಿತ್ತು.

ಅಳತೆ ಮಾಡಿದ ಮೇಲೆ ಸಿಕ್ಕಿದ್ದು ವಿಚಿತ್ರ. ಕೊಡಲಿಯ ಹಿಂಬದಿಯ ಹೊಳಪಿನಲ್ಲಿ ಬಹು ಸಣ್ಣ ಗೀರುಗಳು ದಿಕ್ಕುಗೆಟ್ಟು ಹರಡಿದ್ದವು. ಕೈಯಿಂದ, ಬೇಸರವಿಲ್ಲದೆ, ದಿನಗಟ್ಟಲೆ ಉಜ್ಜಿದರೆ ಹಾಗೆ ಆಗುತ್ತದೆ. ಯಂತ್ರಕ್ಕೆ ಅಷ್ಟು ಅಸಡ್ಡಾಳತನ ಬರುವುದಿಲ್ಲ. ಮುಂಬದಿಯ ಮುಖದ ಗೆರೆಗಳ ಗೋಡೆಯಲ್ಲಿ ಮಾತ್ರ ಬೇರೆಯದೇ ಕಥೆ. ಅಲ್ಲಿ ಒಂದರ ಪಕ್ಕ ಒಂದು, ಬಾಚಣಿಗೆ ಎಳೆದಂತೆ, ಸಮ ಅಂತರದ ಪಟ್ಟೆಗಳು. ವೇಗವಾಗಿ ತಿರುಗುವ ವಜ್ರದ ಪುಡಿಯ ಚಕ್ರ ಬಿಟ್ಟುಹೋಗುವ ಗುರುತು ಅದು. ದಂತವೈದ್ಯರ ಡ್ರಿಲ್ಲು ಹಲ್ಲಿನ ಮೇಲೆ ಬಿಡುವ ಗುರುತಿನ ತಮ್ಮ. ಆ ಪಟ್ಟೆಗಳ ಮೇಲೆ ಕೆಂಪು ಪುಡಿ. ಎಕ್ಸ್-ರೇ ಗನ್ ಹಿಡಿದು ನೋಡಿದೆವು. ಯಾವ ವಸ್ತುವಿನಲ್ಲಿ ಯಾವ ಮೂಲಧಾತು ಇದೆಯೆಂದು ಅದು ಹೇಳುತ್ತದೆ. ಪಾದರಸ ಇರಲಿಲ್ಲ. ಕಬ್ಬಿಣವಿತ್ತು. ಇಂಗಲೀಕವಲ್ಲ, ಕೆಮ್ಮಣ್ಣು.

ಮಲ್ಲಿಕಾರ್ಜುನ ಪರದೆ ನೋಡುತ್ತ, “ಅಂದ್ರ ಖರೇ ಕೊಡ್ಲಿ ಮ್ಯಾಲ ಯಾವನೋ ಈಗೀಗ ಮಾರಿ ಕೊರದಾನ,” ಎಂದ. ಬರಿಯ ಕೊಡಲಿಗಿಂತ ಮುಖವಿರುವ ಕೊಡಲಿಗೆ ಗಿರಾಕಿ ಹೆಚ್ಚು. ಮೂರು ಸಾವಿರ ವರ್ಷ ಯಾರ ತಂಟೆಗೂ ಹೋಗದೆ ಇದ್ದ ಒಂದು ಕಲ್ಲಿಗೆ ಯಾರೋ ಅಳುವ ಮುಖ ಹಾಕಿ ಮಾರಿದ್ದರು. ಕಲ್ಲು ನಿಜ, ಮುಖ ಸುಳ್ಳು.

ವರದಿಯ ಕರಡನ್ನು ಕಳಿಸಿದೆವು. ಉತ್ತರ ರುಟ್ಗರ್ಸ್‌ರಿಂದ ಬರಲಿಲ್ಲ, ಅವರ ವಕೀಲರಿಂದ ಬಂತು. ಪ್ರಯೋಗಾಲಯದಲ್ಲಿ ಕೆಂಪು ಪುಡಿಯನ್ನು ಯಂತ್ರಗಳಿಗೆ ಬಳಿಯುವ ಪದ್ಧತಿ ಇರುವುದರಿಂದ ಕೊಡಲಿಯ ಮೇಲಿನ ಕೆಂಪಿನ ಬಗ್ಗೆ ನಾವು ಹೇಳುವುದಕ್ಕೆ ಬೆಲೆಯಿಲ್ಲ. ಇಂಥ ಕೊಳಕು ಕೋಣೆಯಲ್ಲಿ ನೋಡಿದ ಗೀರುಗಳಿಗೂ ಬೆಲೆಯಿಲ್ಲ. ಅಮೂಲ್ಯವಾದ ಪವಿತ್ರ ವಸ್ತುವನ್ನು ನಾವು ಕೆಡಿಸಿದ್ದೇವೆ ಎಂದಿತ್ತು ಪತ್ರ. ಜೊತೆಗೆ ಸಾಕ್ಷಿಗೆ ಒಂದು ಫೋಟೋ. ಕುಂಕುಮದ ಬೊಟ್ಟು, ಅದರ ಪಕ್ಕ ಹೆಬ್ಬೆರಳು ಎತ್ತಿದ ಮಲ್ಲಿಕಾರ್ಜುನ.

ಮಾರ್ಲೇಸ್ ನನ್ನನ್ನು ಕರೆಸಿದರು. ಡಚ್ಚರು ನೇರ ಮಾತಿನವರು ಎಂದು ಹೆಸರು. ನೇರ ಮಾತು ನಮ್ಮ ಕಡೆ ತಿರುಗುವವರೆಗೆ ಅದೊಂದು ಒಳ್ಳೆಯ ಗುಣವೆಂದೇ ನಾನೂ ತಿಳಿದಿದ್ದೆ.

“ಪುಡಿ ಹಚ್ಚಿದ್ದು ಯಾರು?”

“ಲ್ಯಾಬ್.”

“ಲ್ಯಾಬಿಗೆ ಕೈಯಿಲ್ಲ.”

“ನೀವೇ ಒಪ್ಪಿಗೆ ಕೊಟ್ಟದ್ದು, ಮಾರ್ಲೇಸ್.”

“ನಾನು ಹೂವಿಗೆ ಒಪ್ಪಿದೆ. ಪುಡಿಗೆ ಅಲ್ಲ. ಲೆನ್ಸ್ ಇರುವ ಕೋಣೆಯಲ್ಲಿ ಪುಡಿ! ನೀನು ಮುಖ್ಯಸ್ಥೆ, ನಿನಗೆ ತೋಚಲಿಲ್ಲವೇ?” ಎಂದು ಕುರ್ಚಿ ಹಿಂದಕ್ಕೆ ತಳ್ಳಿದರು. “ಇನ್ನೊಮ್ಮೆ ನೋಡಿ. ಆ ಕಲ್ಲಿನ ಮೇಲೆ ನಮ್ಮ ಪುಡಿಯ ಒಂದು ಕಣ ಸಿಕ್ಕಿದರೂ ಅವನ ಕಾಂಟ್ರಾಕ್ಟನ್ನು ನಾನು ಮುಂದುವರಿಸುವುದಿಲ್ಲ.”

ಮಲ್ಲಿಕಾರ್ಜುನನ ಕಾಂಟ್ರಾಕ್ಟು ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಹೊರದೇಶದಿಂದ ಕೆಲಸಕ್ಕೆಂದು ಬಂದವರಿಗೆ ಇಲ್ಲಿ ಇರುವ ಪರವಾನಗಿ ಕೆಲಸಕ್ಕೇ ಕಟ್ಟಿಹಾಕಿರುತ್ತದೆ. ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವಾದರೆ ದೇಶ ಬಿಡಬೇಕು. ಕೆಲಸ ಹೋದದ್ದು ಮಲಿನತೆಯ ಕಾರಣಕ್ಕೆ ಎಂದಾದರೆ ಈ ಊರಿನ ಯಾವ ಆಪ್ಟಿಕ್ಸ್ ಕಂಪನಿ ಅವನನ್ನು ಒಳಗೆ ಬಿಟ್ಟೀತು? ಹೆಂಡತಿ ದಾಕ್ಷಾಯಣಿ ಎರಡು ವರ್ಷ ಡಚ್ ಕಲಿತು, ಪರೀಕ್ಷೆ ಪಾಸಾಗಿ, ಆಗಷ್ಟೇ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ತರಬೇತಿಗೆ ಸೇರಿದ್ದಳು. ಅವನು ಹೋದರೆ ಅವಳ ತರಬೇತಿಯೂ ಅರ್ಧಕ್ಕೆ.

ವಿಷಯ ಹೇಳಿದಾಗ ಅವನು ಮೊದಲು ನಗಲು ನೋಡಿದ. ಆಮೇಲೆ ಸಿಟ್ಟಿಗೆದ್ದ.

“ಅಲ್ರಿ ಅಕ್ಕಾರ, ಅವ್ರು ಮೂರು ಸಾವಿರ ವರ್ಷದ ಹಿಂದ ಕೊಡ್ಲಿಗೆ ಕೆಂಪ್ ಹಚ್ಚಿದ್ರ ಸಂಸ್ಕೃತಿ. ನಾ ಮೊನ್ನಿ ಮಷೀನಿಗೆ ಹಚ್ಚಿದ್ರ ಕಂಟ್ಯಾಮಿನೇಶನ್ನು. ಇದ್ಯಾವ ನ್ಯಾಯ ರೀ?”

“ಅವರು ಮೈಕ್ರೋಸ್ಕೋಪಿಗೆ ಹಚ್ಚಲಿಲ್ಲ ಮಾರಾಯ.”

“ಅವ್ರ ಕಡೆ ಇರ್ಲಿಲ್ಲ, ಅದಕ್ಕ ಹಚ್ಚಲಿಲ್ಲ! ಇದ್ದಿದ್ರ ಪಯಲಾ ಅದಕ್ಕ ಹಚ್ತಿದ್ರು.”

 

ಕಲ್ಲು ಇನ್ನೂ ನಮ್ಮ ಕಪಾಟಿನಲ್ಲಿತ್ತು. ತೆಗೆದು ನೀಲಿ ಬೆಳಕಿನಡಿ ಇಟ್ಟೆವು. ಮಲ್ಲಿಕಾರ್ಜುನನ ಕುಂಕುಮ ಊರಿಂದ ತಂದದ್ದು, ಅಂಗಡಿಯ ಬಣ್ಣದ ಪುಡಿಯಲ್ಲ. ಅರಿಸಿನಕ್ಕೆ ಸುಣ್ಣ, ನಿಂಬೆರಸ ಹಾಕಿ ಮನೆಯಲ್ಲಿ ಮಾಡಿದ್ದು. ಅಂಥ ಕುಂಕುಮದಲ್ಲಿ ಬಣ್ಣ ತಿರುಗದೆ ಉಳಿದ ಅರಿಸಿನದ ಕಣಗಳು ಇರುತ್ತವೆ. ನೀಲಿ ಬೆಳಕು ಬಿದ್ದರೆ ಅವು ಹಳದಿಯಾಗಿ ಹೊಳೆಯುತ್ತವೆ. ಕೆಮ್ಮಣ್ಣು ಹೊಳೆಯುವುದಿಲ್ಲ. ಮುಖದ ಗೆರೆಗಳನ್ನು ಒಂದೊಂದಾಗಿ ನೋಡಿದೆವು. ಕಣ್ಣು, ಬಾಯಿ, ನೆತ್ತಿಯ ಸೀಳು. ಎಲ್ಲ ಕತ್ತಲು.

“ಮುಗೀತಲ್ರಿ!” ಎಂದ ಮಲ್ಲಿಕಾರ್ಜುನ. “ಪ್ಯಾಕ್ ಮಾಡ್ರಿ, ಅವ್ನ ಮಾರಿ ಮ್ಯಾಲ ಒಗೀರಿ.”

ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇಲ್ಲದ ಗ್ಯಾಸಿಗೆ ಸೈಕಲ್ ತಿರುಗಿಸುವವಳು ನಾನು. ಕಲ್ಲನ್ನು ಮಗುಚಿದೆ.

ಹಿಂಬದಿಯ ಕೆಳಗೆ, ಹಿಡಿಕೆಯ ರಬ್ಬರು ಒತ್ತಿದ ಜಾಗದಲ್ಲಿ, ಹಳದಿಯಾಗಿ ಒಂದು ಚುಕ್ಕೆ ಹೊಳೆಯಿತು. ಸಾಸಿವೆಗಿಂತ ಎಷ್ಟೋ ಸಣ್ಣದು. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಸ್ಪಿರಿಟ್ಟಿಗೂ ಬಗ್ಗದೆ ರಬ್ಬರಿನ ಸಂದಿಯಲ್ಲಿ ಉಳಿದದ್ದು ಕಲ್ಲಿಗೆ ಹತ್ತಿತ್ತು.

ಮಲ್ಲಿಕಾರ್ಜುನನೂ ನೋಡಿದ. 

“ಒರಸ್ರಿ,” ಎಂದ.

“ಆಗುದಿಲ್ಲ.”

“ಒಂದು ಹತ್ತಿಕಡ್ಡಿ ಸಾಕು ರೀ. ನೀವು ನೋಡಿಲ್ಲ, ನಾ ನೋಡಿಲ್ಲ.”

“ತಕರಾರು ನಡೀತಿರುವ ವಸ್ತು ಇದು. ಈಗ ಅದರಿಂದ ಎಂತ ತೆಗೆದರೂ ಸಾಕ್ಷಿ ಅಳಿಸಿದ ಹಾಗೆ. ನಾಳೆ ಅವನು ಇನ್ನೊಂದು ಲ್ಯಾಬಿಗೆ ತಕ್ಕೊಂಡು ಹೋಗಿ, ಮೇಣದಲ್ಲಿ ಒರೆಸಿದ ಗುರುತು ಸಿಕ್ಕಿದರೆ? ಆಗ ಪುಡಿ ಮಾತ್ರ ಅಲ್ಲ, ಕಳ್ಳತನವೂ ನಿನ್ನ ತಲೆಗೇ ಬರ್ತದೆ.”

“ಹಂಗಾದ್ರ ಒರಸಬ್ಯಾಡ್ರಿ. ಬರೀಬ್ಯಾಡ್ರಿ, ಅಷ್ಟ. ಯಾರ ಕೇಳ್ಯಾರ ಹಿಂದಿನ ಮೈ?”

“ನಾನು ನೋಡಿದ್ದೇನಲ್ಲ.”

ಅವನು ಕೈಗವಸು ಕಳಚಿ ಮೇಜಿನ ಮೇಲೆ ಎಸೆದ. ಇಷ್ಟು ವರ್ಷದಲ್ಲಿ ನನ್ನೆದುರು ದನಿ ಎತ್ತಿದವನಲ್ಲ.

“ನಿಮಗೇನ್ರಿ! ನಿಮ್ಮ ಕಿಸೆದಾಗ ಡಚ್ ಪಾಸ್‌ಪೋರ್ಟ್ ಐತಿ. ನಿಮ್ಮ ಪ್ರಾಮಾಣಿಕತನ ನಿಮಗ ಛಲೋ ಕಾಣತದ, ಅದರ ಬಿಲ್ಲು ನನ್ನ ಹೆಸರಿಗೆ ಬರತದ. ದಾಕ್ಷಾಯಣಿಗೆ ಏನ್ ಹೇಳ್ಲಿ? ಅಕ್ಕಾರು ಭಾಳ ಖರೇ ಮನಷಾರು, ನೀ ಗಂಟುಮೂಟೆ ಕಟ್ಟು ಅಂತ ಹೇಳ್ಲೇನು?”

ನಾನು ಕಲ್ಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಅದನ್ನು ಅವನು ನೋಡಿದ. ಬೈದದ್ದಕ್ಕಿಂತ ಅದು ಹೆಚ್ಚು ತಾಗಿತು ಅನಿಸುತ್ತದೆ. ಜಾಕೆಟ್ ಹಾಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಎದುರುಗಾಳಿ. ಈ ದೇಶದ ಎದುರುಗಾಳಿಗೆ ಒಂದು ಗುಣವಿದೆ: ಎಷ್ಟು ತುಳಿದರೂ ಸೈಕಲ್ ಅಲ್ಲೇ ಇರುತ್ತದೆ, ಹಾಗಾಗಿ ಯೋಚನೆ ಮಾತ್ರ ಮುಂದೆ ಹೋಗುತ್ತದೆ. ನನ್ನ ಯೋಚನೆ ಆಗಲೇ ವಿಮಾನ ನಿಲ್ದಾಣದವರೆಗೆ ಹೋಗಿ, ದಾಕ್ಷಾಯಣಿ ಟ್ರಾಲಿ ತಳ್ಳುತ್ತ ನನ್ನ ಕಡೆ ನೋಡದೆ ಹೋಗುವುದನ್ನು ಕಂಡು, ವಾಪಸು ಬರುತ್ತಿತ್ತು. ಬರುವ ದಾರಿಯಲ್ಲಿ ಅದಕ್ಕೆ ರುಟ್ಗರ್ಸ್ ಸಿಕ್ಕಿದರು. ‘ನಾನೇ ಮೇಣ ಹಚ್ಚಿದ್ದೇನೆ, ನನ್ನ ಕೈಯಾರೆ.’

ನಾನು ಸೈಕಲ್ ನಿಲ್ಲಿಸಿದೆ. ಹಿಂದಿನಿಂದ ಬಂದ ಹೆಂಗಸೊಬ್ಬಳು ಗಂಟೆ ಬಾರಿಸಿ, ಡಚ್ಚಿನಲ್ಲಿ ನನ್ನ ಬುದ್ಧಿಮಟ್ಟದ ಬಗ್ಗೆ ಏನೋ ಹೇಳಿ ಹೋದಳು.

ಯಾವ ಪ್ರಯೋಗದಲ್ಲೂ ನಮಗೆ ಬೇಕಾಗುವುದು ಕಂಟ್ರೋಲ್. ಎಂದರೆ, ಎಲ್ಲಿಂದ ಬಂತು, ಯಾವಾಗ ಬಂತು ಎಂದು ಖಚಿತವಾಗಿ ಗೊತ್ತಿರುವ ಒಂದು ಮಾದರಿ. ಗೊತ್ತಿಲ್ಲದ್ದನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಮಲ್ಲಿಕಾರ್ಜುನನ ಕುಂಕುಮದ ಚುಕ್ಕೆ ಅಂಥದು. ಅದು ಕಲ್ಲಿಗೆ ಹತ್ತಿದ್ದು ನಮ್ಮ ಕೋಣೆಯಲ್ಲಿ. ಅದರಲ್ಲಿ ಸಂಶಯವೇ ಇಲ್ಲ. ಹಾಗಾದರೆ ಅದು ಮೇಣದ ಮೇಲೆ ಕೂತಿರಬೇಕು. ಮುಖದ ಕೆಂಪು ಎಲ್ಲಿ ಕೂತಿದೆ?

ನಮ್ಮ ಕಾನ್‌ಫೋಕಲ್ ಮೈಕ್ರೋಸ್ಕೋಪು ಒಂದೊಂದು ಬಿಂದುವಿನ ಎತ್ತರ ಹೇಳುತ್ತದೆ. ಮೇಣದಂತೆ ಬೆಳಕು ಹಾಯುವ ಪದರವಿದ್ದರೆ ಅದರ ಮೇಲ್ಮೈಯನ್ನೂ ತಳವನ್ನೂ ಬೇರೆ ಬೇರೆ ತೋರಿಸುತ್ತದೆ. ಕಲ್ಲು ತೆಗೆದು ಕೂರಿಸಿದೆ. ಕುಂಕುಮ ಮೇಣದ ಮೇಲೆ, ಸೋಫಾದ ಮೇಲೆ ಕೂತ ನೆಂಟರಂತೆ, ಕೂತಿತ್ತು. ಮುಖದ ಕೆಂಪು ಇಡಿಯಾಗಿ ಮೇಣದ ಅಡಿಯಲ್ಲಿತ್ತು. ಅದರ ಅಡಿಯಲ್ಲಿ ಚಕ್ರದ ಪಟ್ಟೆಗಳು.

ಮಲ್ಲಿಕಾರ್ಜುನ ಬಂದವನು ನನ್ನ ಹಿಂದೆ ನಿಂತು ಪರದೆ ನೋಡಿದ. ಅರ್ಥವಾಯಿತು. ಆದರೆ ಮುಖದಲ್ಲಿ ನಗು ಬರಲಿಲ್ಲ.

“ಇದು ಹೌದಾತು ರೀ. ಆದ್ರ ಮಾರ್ಲೇಸ್ ಬಾಯಿ ಕಣ ಸಿಕ್ರ ತೆಗೀತೀನಿ ಅಂದಾಳ. ಕಣ ಸಿಕ್ಕೇತಿ.”

ಅದು ಸರಿಯಾಗಿತ್ತು. ವರದಿ ಗೆದ್ದರೂ ಅವನು ಸೋಲುತ್ತಿದ್ದ.

ಮಾರ್ಲೇಸ್‌ರ ಕೋಣೆಗೆ ಹೋಗಿ ಎರಡೂ ಚಿತ್ರ ತೋರಿಸಿದೆ. ಅವರು ಮೊದಲನೆಯದನ್ನು ನೋಡಿಯೇ ಕನ್ನಡಕ ತೆಗೆದರು. “ಹಾಗಾದರೆ ಆಯಿತಲ್ಲ. ಅವನದು ಮುಗಿಯಿತು.”

ಜಗಳ ನನಗೆ ಒಗ್ಗುವ ವಿಷಯವಲ್ಲ. ಅಂಗಡಿಯಲ್ಲಿ ಹಾಳಾದ ಹಾಲಿನ ಪೊಟ್ಟಣ ಹಿಂತಿರುಗಿಸಲಿಕ್ಕೂ ಗಂಡನನ್ನು ಕಳಿಸುವವಳು. ಆ ದಿನ ಕುರ್ಚಿ ಎಳೆದು ಅವರ ಎದುರಿಗೆ ಕೂತೆ. 

“ಈ ಚುಕ್ಕೆ ವರದಿಯಲ್ಲಿ ಬರಬೇಕು. ಇದಿಲ್ಲದೆ ಆ ಕೆಂಪು ನಮ್ಮದಲ್ಲ ಎಂದು ತೋರಿಸಲು ಆಗುವುದಿಲ್ಲ. ಇದು ಹೇಗೆ ಬಂತು ಎಂದೂ ಬರೆಯಬೇಕು. ಡೈರೆಕ್ಟರ್ ಒಪ್ಪಿಗೆಯಿಂದ ನಡೆದ ಪೂಜೆಯಿಂದ ಬಂತು ಎಂದೇ ಬರೆಯುತ್ತೇನೆ, ಯಾಕೆಂದರೆ ಹಾಗೆಯೇ ಬಂದದ್ದು. ಯಾರು ಯಾರು ಇದ್ದರು ಎಂದು ಅವರ ವಕೀಲರು ಕೇಳಿದರೆ ಉಂಡೆ ತಿಂದವರ ಹೆಸರೂ ಹೇಳಬೇಕಾಗುತ್ತದೆ.”

“ನನ್ನನ್ನು ಹೆದರಿಸುತ್ತಿದ್ದೀಯಾ?”

“ಹೌದು ಅನಿಸುತ್ತದೆ,” ಎಂದೆ. “ಅಭ್ಯಾಸವಿಲ್ಲ. ಸರಿಯಾಗಿ ಆಗುತ್ತಿದೆಯೋ ಇಲ್ಲವೋ ಗೊತ್ತಿಲ್ಲ. ಅವನನ್ನು ತೆಗೆದರೆ ನಾನೂ ರಾಜೀನಾಮೆ ಕೊಡುತ್ತೇನೆ. ಆಗ ಈ ವರದಿಯನ್ನು ಅವರೆದುರು ಸಮರ್ಥಿಸಲು ನಿಮ್ಮ ಹತ್ತಿರ ಯಾರೂ ಇರುವುದಿಲ್ಲ.”

ಮಾರ್ಲೇಸ್ ನನ್ನನ್ನು ಹೊಸದಾಗಿ ಬಂದ ಗೀರನ್ನು ನೋಡುವಂತೆ ನೋಡಿದರು. ಬಾಗಿಲು ಹಾಕಿಕೊಂಡು ಹೋಗು ಎಂದರು. ಒಪ್ಪಿದೆ ಎನ್ನಲಿಲ್ಲ, ಇಲ್ಲ ಎಂದೂ ಎನ್ನಲಿಲ್ಲ.

ಆ ವಾರವೇ ರುಟ್ಗರ್ಸ್ ವಕೀಲರ ಜೊತೆ ಬಂದರು. ಮ್ಯೂಸಿಯಂನಿಂದಲೂ ಒಬ್ಬರು ಬಂದಿದ್ದರು.  ರುಟ್ಗರ್ಸ್ ನನಗೆ ಕೈ ಕೊಡಲಿಲ್ಲ. ಮಲ್ಲಿಕಾರ್ಜುನನನ್ನು ನೋಡಿ, “ಹೆಬ್ಬೆರಳಿನವರೂ ಇದ್ದಾರೆ,” ಎಂದರು. ಮಲ್ಲಿಕಾರ್ಜುನ ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ನಾನು ನಮ್ಮ ತಪ್ಪಿನಿಂದಲೇ ಶುರು ಮಾಡಿದೆ. ಪರದೆಯ ಮೇಲೆ ಹಳದಿಯಾಗಿ ಹೊಳೆಯುವ ಚುಕ್ಕೆ ಹಾಕಿ, ಇದು ಕುಂಕುಮ, ನಮ್ಮದು, ನಮ್ಮ ಹಿಡಿಕೆಯಿಂದ ಬಂದದ್ದು ಎಂದೆ.

ರುಟ್ಗರ್ಸ್ ವಕೀಲರ ಕಡೆ ತಿರುಗಿ ನಕ್ಕರು. “ಬರೆದುಕೊಳ್ಳಿ. ಅವರೇ ಒಪ್ಪಿಕೊಂಡರು.”

“ಬರೆದುಕೊಳ್ಳಿ,” ಎಂದೆ ನಾನೂ. “ಇದು ಮೇಣದ ಮೇಲಿದೆ ಎನ್ನುವುದನ್ನೂ ಬರೆದುಕೊಳ್ಳಿ.” ಎರಡನೆಯ ಚಿತ್ರ ಹಾಕಿದೆ. “ಮುಖದ ಕೆಂಪು ಮೇಣದ ಕೆಳಗಿದೆ. ಮೇಣ ಹಚ್ಚಿದವರು ತಾವೇ, ಕಲ್ಲು ಕೈಗೆ ಬಂದ ವರ್ಷವೇ ಹಚ್ಚಿದ್ದು ಎಂದು ಮೆನೇಯರ್ ರುಟ್ಗರ್ಸ್ ನಮ್ಮಿಬ್ಬರ ಎದುರು ಹೇಳಿದ್ದಾರೆ. ಮೇಣದ ಕೆಳಗೆ ಪುಡಿ ಹಾಕುವ ವಿದ್ಯೆ ನಮ್ಮ ಪೂಜೆಯಲ್ಲಿಲ್ಲ. ಆ ಕೆಂಪಿನ ಕೆಳಗೆ ತಿರುಗುವ ಚಕ್ರದ ಗುರುತಿದೆ. ಅಂದರೆ ಮೊದಲು ಚಕ್ರ, ಆಮೇಲೆ ಕೆಮ್ಮಣ್ಣು, ಆಮೇಲೆ ಮೇಣ, ಕೊನೆಗೆ ನಾವು.”

ವಕೀಲರು ಬರೆಯುವುದನ್ನು ನಿಲ್ಲಿಸಿದರು. “ಮೇಣ ನೀವೇ ಹಚ್ಚಿದ್ದೇ?” ಎಂದು ತಮ್ಮ ಕಕ್ಷಿದಾರರನ್ನು ಮೆಲ್ಲಗೆ ಕೇಳಿದರು.  ರುಟ್ಗರ್ಸ್ ನನ್ನ ಕಡೆ ಬೆರಳು ಚಾಚಿದರು.

“ನೀವು ಕನ್ನಡಿ ಅಳೆಯುವವರು. ಓಲ್ಮೆಕ್ ಕಲೆಯ ಬಗ್ಗೆ ನಿಮಗೇನು ಗೊತ್ತು?”

“ಏನೂ ಗೊತ್ತಿಲ್ಲ. ಅದಕ್ಕೇ ಗೀರು ಮಾತ್ರ ನೋಡಿದೆ.”

“ಹಿಂಬದಿ ಕೈಯಿಂದ ಉಜ್ಜಿದ್ದು ಎಂದು ನಿಮ್ಮ ಕರಡಿನಲ್ಲೇ ಇದೆ! ಅದು ನಿಜವಾದ ಹಳೆಯ ಕೊಡಲಿ. ಅಷ್ಟು ಬರೆಯಿರಿ, ಸಾಕು.”

“ಕೈಯಿಂದ ಉಜ್ಜಿದ್ದು ಎಂದು ಬರೆದಿದ್ದೇನೆ, ಮೆನೇಯರ್. ಅದರ ಮುಂದಿನ ವಾಕ್ಯವೂ ಅಲ್ಲೇ ಇದೆ.”

ಅವರು ಎದ್ದರು. ಈ ದೇಶಕ್ಕೆ ಬಂದು, ಇಲ್ಲಿಯ ಪ್ರಯೋಗಾಲಯಗಳನ್ನು ದೇವಸ್ಥಾನ ಮಾಡಿ, ಇಲ್ಲಿಯವರನ್ನೇ ಕಳ್ಳರು ಎನ್ನುತ್ತೀರಿ ಎಂದರು. ಆಮೇಲೆ ಇಂಗ್ಲಿಷ್ ಬಿಟ್ಟು ಡಚ್ಚಿನಲ್ಲಿ ಇನ್ನೂ ಏನೇನೋ ಹೇಳಿದರು. ನನಗೆ ಅರ್ಥವಾಗುವುದಿಲ್ಲವೆಂದು ತಿಳಿದಿರಬೇಕು. ಅರ್ಥವಾಯಿತು. ಮಾರ್ಲೇಸ್‌ರಿಗೂ ಅರ್ಥವಾಯಿತು. ಅವರು ಎದ್ದುನಿಂತು, ಬಾಗಿಲು ತೆರೆದು ಹಿಡಿದು, “ಪೂಜೆಗೆ ಒಪ್ಪಿಗೆ ಕೊಟ್ಟವಳು ನಾನು. ಆ ಬಗ್ಗೆ ಹೇಳುವುದಿದ್ದರೆ ನನಗೆ ಬರೆಯಿರಿ,” ಎಂದರು.

ರುಟ್ಗರ್ಸ್ ಕೊಡಲಿಯನ್ನು ತಾವೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಮ್ಯೂಸಿಯಂ ಕೊಳ್ಳಲಿಲ್ಲ. ಆ ಕಲ್ಲು ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಬೇರೆ ಯಾವುದಾದರೂ ದೇಶದಲ್ಲಿ, ನಮ್ಮ ವರದಿ ಓದದ ಯಾರದೋ ಗಾಜಿನ ಕಪಾಟಿನಲ್ಲಿ, ಅಳುವ ಮುಖ ಹೊತ್ತು ನಿಂತಿರಬಹುದು.

ಮಲ್ಲಿಕಾರ್ಜುನನ ಕಾಂಟ್ರಾಕ್ಟು ಮುಂದುವರಿಯಿತು, ಒಂದು ಲಿಖಿತ ಎಚ್ಚರಿಕೆಯ ಜೊತೆಗೆ. ಮಾರ್ಲೇಸ್ ಸಹಿ ಹಾಕಿದ ಕಾಗದವನ್ನು ನನ್ನ ಕೈಯಲ್ಲಿ ಕೊಡದೆ ಮೇಜಿನ ಮೇಲೆ ಜಾರಿಸಿದರು. ಆಮೇಲೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮಲ್ಲಿಕಾರ್ಜುನ ಅಷ್ಟೂ ಮಾತಾಡಲಿಲ್ಲ. ಚಹಾ ಬೇಕೇ ಎಂದು ಕೇಳುವುದನ್ನು ಬಿಟ್ಟ. ಮುಂದಿನ ಬೇಸಗೆಯಲ್ಲಿ ಒಂದು ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತ.

“ನಿಮ್ಮ ಕೆಳಗ ಕೆಲಸ ಕಲತದ್ದು ಛಲೋ ಆತ್ರಿ, ಅಕ್ಕಾರ,” ಎಂದ. “ಇನ್ನ ನಿಮ್ಮ ಕೆಳಗ ಮಾಡೂದಿಲ್ಲ.”

ಹಿಂದೆ ತಿರುಗಿ ನೋಡದೆ ಹೋದ.

ನನ್ನ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಈಗ ನಾನು ಒಂದು ಪಾಠ ಹೇಳುತ್ತೇನೆ: ವರದಿಯಲ್ಲಿ ನಮಗೆ ವಿರುದ್ಧವಾದ ಸಂಗತಿಯನ್ನು ಮೊದಲು ಬರೆಯಿರಿ, ಆಮೇಲೆ ಬರೆಯುವುದನ್ನು ಯಾರೂ ಅಲ್ಲಗಳೆಯಲಾರರು. ಅವರು ತಲೆಯಾಡಿಸಿ ಒಪ್ಪುತ್ತಾರೆ. ಪಾಠದ ಉಳಿದರ್ಧವನ್ನು ಹೇಳಲು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಕಲ್ಲನ್ನು ಮಗುಚಿದಾಗ ನಾನು ಸರಿಯಾಗಿಯೇ ಇದ್ದೆ. ಬೀಗ ಹಾಕಿದಾಗಲೂ ಸರಿಯಾಗಿಯೇ ಇದ್ದೆ. ಆದರೆ ಮೇಣದ ಕೆಳಗೆ ಏನಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ. ಮುಖದ ಕೆಂಪೂ ಮೇಣದ ಮೇಲೆಯೇ ಕೂತಿದ್ದರೆ ನಾನು ಅದನ್ನೂ ಬರೆಯುತ್ತಿದ್ದೆ, ಮಲ್ಲಿಕಾರ್ಜುನನ ಕೆಲಸ ಹೋಗುತ್ತಿತ್ತು. ನಾನು ರಾಜೀನಾಮೆ ಕೊಟ್ಟು, ಇದೇ ಊರಿನಲ್ಲಿ ಇನ್ನೊಂದು ಕೆಲಸ ಹುಡುಕಿಕೊಂಡು, ಚಿಂತೆ ಮಾಡುತ್ತ ಇರುತ್ತಿದ್ದೆ. ದೇಶ ಬಿಡುತ್ತಿದ್ದವಳು ನಾನಲ್ಲ.